ಕೆರೆಯ ಫಲಕಕ್ಕೆ 'ಫ್ರಿಂಜ್ ಬೆನಿಫಿಟ್ಸ್': ಯಾವ ಪದ ಸರಿ?

ಮಾನ್ಯರೇ,

ಕೆರೆಯ ಹೂಳೆತ್ತುವ ಕಾಮಗಾರಿಯ ಫಲಕ ನಾಳೆಯೇ ಬರೆಯಲು ಹೋಗಬೇಕು, ಅದರಲ್ಲಿ 'ಫ್ರಿಂಜ್ ಬೆನಿಫಿಟ್ಸ್' ಎಂಬುದಕ್ಕೆ, ಅಂದರೆ ಮುಖ್ಯ ಉದ್ದೇಶದ ಜೊತೆಗೆ ಸಿಗುವ ಇತರ ಲಾಭಗಳಿಗೆ, ಕನ್ನಡದಲ್ಲಿ ಏನೆಂದು ಬರೆಸಬೇಕು ಎಂದು ಕೇಳಿದ್ದೀರಿ. ಈವರೆಗೆ ಬಂದಿರುವ ಎರಡು ಸಲಹೆಗಳನ್ನೂ ಕೈಬಿಡಿ. 'ಅಂಚಿನ ಲಾಭ' ಕನ್ನಡದಲ್ಲಿ ಏನನ್ನೂ ಹೇಳುವುದಿಲ್ಲ. 'ಅಡ್ಡಲಾಭ' ಅದಕ್ಕಿಂತ ಕೆಟ್ಟದ್ದು. 'ಅಡ್ಡಪರಿಣಾಮ' ಇರುವಾಗ 'ಅಡ್ಡಲಾಭ' ಏಕಿರಬಾರದು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸಬಹುದು. ಆದರೆ ಅಡ್ಡದಾರಿ, ಅಡ್ಡಕಸುಬಿ, ಅಡ್ಡಮಾತುಗಳನ್ನು ಬಳಸುವ ಜನರಿಗೆ 'ಅಡ್ಡ' ಹಣದ ಜೊತೆ ಸೇರಿದೊಡನೆ ಲಂಚದ ವಾಸನೆ ಹೊಡೆಯುತ್ತದೆ. 'ಗಿಂಬಳ'ದ ಕಥೆಯನ್ನೇ ನೋಡಿ: ಊಟಗೀಟ, ಮರಗಿರಗಳಂತೆ ಸಂಬಳದ ಬಾಲವಾಗಿ ಹುಟ್ಟಿದ ಆ ಪ್ರತಿಧ್ವನಿ ಕಾಲಕ್ರಮದಲ್ಲಿ ಬೇರೆಯೇ ಅರ್ಥ ಪಡೆದು, ಇಂದು ಲಂಚವನ್ನೇ ಸೂಚಿಸುತ್ತದೆ. ಕಾಮಗಾರಿಯ ಫಲಕದ ಮೇಲೆ ಇಂಥ ಛಾಯೆ ಸಲ್ಲದು.

ಇನ್ನು ಇಂಗ್ಲಿಷ್ ಮಾತೇ ಇಲ್ಲಿಗೆ ಹೊಂದುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಕೂಲಿ ಏರಿಕೆಗೆ ಕಡಿವಾಣ ಹಾಕಿದಾಗ, ಸಂಬಳದ ಹೊರಗೆ ಕೊಡುತ್ತಿದ್ದ ವಿಮೆ, ರಜೆ ಮೊದಲಾದವುಗಳಿಗೆ ಅದು ರೂಢಿಯಾಯಿತು. ನಮ್ಮಲ್ಲಿ 2005ರಲ್ಲಿ ಬಂದು 2009ರಲ್ಲಿ ರದ್ದಾದ 'ಫ್ರಿಂಜ್ ಬೆನಿಫಿಟ್ ಟ್ಯಾಕ್ಸ್' ಎಂಬ ತೆರಿಗೆಯ ಹೆಸರಿನಲ್ಲಿಯೂ ಅದೇ ಅರ್ಥವಿತ್ತು. ನೌಕರಿಯ ಸಂದರ್ಭದಲ್ಲಾದರೆ 'ಸವಲತ್ತು' ಸಾಕು, ಚರ್ಚೆಯೇ ಬೇಕಿಲ್ಲ. ಕೆರೆಯ ವಿಷಯ ಬೇರೆ. ನೀರು ನಿಲ್ಲಲೆಂದು ಹೂಳು ತೆಗೆಯುತ್ತೀರಿ; ತೆಗೆದ ಗೋಡನ್ನು ರೈತರು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಾರೆ, ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ. ಇವುಗಳನ್ನು ಯಾರೂ ಯಾರಿಗೂ ಕೊಡುವುದಿಲ್ಲ, ಕೆಲಸದ ಬೆನ್ನಿಗೆ ತಾವಾಗಿಯೇ ಒದಗುತ್ತವೆ. ಆದ್ದರಿಂದಲೇ ನನಗೆ ಬಹಳ ಪ್ರಿಯವಾದ 'ಕೊಸರು' ಕೂಡ ಇಲ್ಲಿ ಸಲ್ಲುವುದಿಲ್ಲ. ಮಾರು ಹೂವನ್ನು ಅಳೆದ ಮೇಲೆ ಹೂವಾಡಗಿತ್ತಿ ಗೇಣುದ್ದ ಹೆಚ್ಚಿಗೆ ಬಿಟ್ಟು ಕತ್ತರಿಸಿದರೆ ಅದು ಕೊಸರು, ಏಕೆಂದರೆ ಅಲ್ಲಿ ಕೊಡುವ ಕೈಯೊಂದಿದೆ.

ತಾನಾಗಿ ಒದಗುವ ಫಲದ ಕಲ್ಪನೆ ನಮಗೆ ಹೊಸದಲ್ಲ. ಹಣ್ಣಿಗಾಗಿ ಮಾವು ನೆಟ್ಟರೆ ನೆರಳೂ ಪರಿಮಳವೂ ಹಿಂದೆಯೇ ಬರುವಂತೆ, ಧರ್ಮವನ್ನು ಆಚರಿಸಿದರೆ ಐಹಿಕ ಲಾಭಗಳೂ ಬರುತ್ತವೆ ಎಂದು ಆಪಸ್ತಂಬ ಧರ್ಮಸೂತ್ರವೆಂಬ ಪ್ರಾಚೀನ ಸಂಸ್ಕೃತ ಗ್ರಂಥ ಹೇಳುತ್ತದೆ. ಇದಕ್ಕೆ ಶಾಸ್ತ್ರದ ಮಾತು 'ಆನುಷಂಗಿಕ ಫಲ'. ಅರ್ಥದಲ್ಲಿ ಇದರಷ್ಟು ನಿಖರವಾದದ್ದು ಇನ್ನೊಂದಿಲ್ಲ, ಪ್ರಬಂಧಕ್ಕೆ ಅದನ್ನೇ ಬರೆಯುತ್ತಿದ್ದೆ. ಆದರೆ ಏರಿಯ ಮೇಲೆ ನಡೆದುಹೋಗುವವರು ನಿಂತು ಓದಬೇಕಾದ ಫಲಕಕ್ಕೆ ಅದು ಭಾರ.

ನನ್ನ ಆಯ್ಕೆ 'ಉಪಲಾಭ'. ಸಂಸ್ಕೃತದ 'ಉಪಲಬ್ಧಿ'ಯೊಂದಿಗೆ (ದೊರಕುವಿಕೆ, ಅರಿವು) ಗೊಂದಲವಾಗುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಉಪಕಸುಬು, ಉಪನದಿಗಳನ್ನು ಬಲ್ಲ ರೈತ ಇದನ್ನು ಆ ಸಾಲಿನಲ್ಲಿಟ್ಟೇ ಓದುತ್ತಾನೆ. 'ಉಪ' ಅಚ್ಚಗನ್ನಡವಲ್ಲವೆಂದು ಹಟ ಹಿಡಿಯುವವರು 'ಉಪಕಸುಬು' ಪದವನ್ನೊಮ್ಮೆ ಬಿಡಿಸಿ ನೋಡಲಿ: ಮೊದಲರ್ಧ ಸಂಸ್ಕೃತದ್ದು, ಉಳಿದರ್ಧ ಅರಬ್ಬಿಯಿಂದ ಬಂದದ್ದು. 'ಸವಲತ್ತು' ಕೂಡ ಅರಬ್ಬಿ ಮೂಲದ್ದೇ. ಹಳ್ಳಿಯ ಬಾಯಲ್ಲಿ ಹೊರಳುವ ಈ ಮಾತುಗಳನ್ನು ಹೊರಗಿಟ್ಟು, ಯಾರೂ ಆಡದ 'ಅಡ್ಡಗಳಿಕೆ'ಯನ್ನು ಕಟ್ಟುವುದು ಕನ್ನಡದ ಕೆಲಸವಲ್ಲ.

ಫಲಕದಲ್ಲಿ ಹೀಗೆ ಬರೆಸಿ: 'ಮುಖ್ಯ ಉದ್ದೇಶ: ಕೆರೆಯಲ್ಲಿ ಹೆಚ್ಚು ನೀರು ನಿಲ್ಲಿಸುವುದು. ಉಪಲಾಭಗಳು: ಹೊಲಗಳಿಗೆ ಗೋಡುಮಣ್ಣು, ಬಾವಿಗಳಲ್ಲಿ ನೀರಿನ ಏರಿಕೆ.'