ಅಪ್‌ಡೇಟ್: ನೈಲಾನ್ 610ರ ಸ್ನಿಗ್ಧತೆ ಏರದ ಸಮಸ್ಯೆ ಬಗೆಹರಿಯಿತು

ಲ್ಯಾಬ್ ಆಟೋಕ್ಲೇವ್‌ನಲ್ಲಿ (ಒತ್ತಡದಲ್ಲಿ ಬಿಸಿ ಮಾಡುವ ಮುಚ್ಚಿದ ಪಾತ್ರೆ) ಹೆಕ್ಸಾಮೆಥಿಲೀನ್ ಡೈಅಮೈನ್ ಮತ್ತು ಸೆಬಾಸಿಕ್ ಆಮ್ಲ ಸೇರಿಸಿ ಮಾಡುತ್ತಿದ್ದ ನೈಲಾನ್ 610 ರೆಸಿನ್ ನೀರು ನೀರಾಗಿಯೇ ಉಳಿಯುತ್ತದೆ, ಎಳೆ ಎಳೆದರೆ ಮುರಿಯುತ್ತದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ. ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್.

ಕೊನೆಯಲ್ಲಿ ವ್ಯಾಕ್ಯೂಮ್ ಜಾಸ್ತಿ ಹೊತ್ತು ಕೊಡಿ ಎಂದಿದ್ದರು. ಅದರಿಂದ ರೆಸಿನ್ ಹಳದಿಯಾಯಿತು, ಅಷ್ಟೇ. ಸೆಬಾಸಿಕ್ ಆಮ್ಲದ ಬ್ಯಾಚ್ ಬದಲಿಸಿದರೂ ವ್ಯತ್ಯಾಸವಿಲ್ಲ.

ದಾರಿ ತೋರಿಸಿದ್ದು ಎಂಡ್ ಗ್ರೂಪ್ ಟೈಟ್ರೇಶನ್ (ಅಣು ಸರಪಳಿಗಳ ತುದಿಯಲ್ಲಿ ಎಷ್ಟು ಅಮೈನ್, ಎಷ್ಟು ಆಮ್ಲ ಇದೆ ಎಂದು ಅಳೆಯುವುದು) ಮಾಡಿ ಎಂದವರ ಸಲಹೆ. ಅಮೈನ್ ತುದಿಗಳು ತೀರಾ ಕಡಿಮೆ, ಆಮ್ಲದ ತುದಿಗಳು ಜಾಸ್ತಿ! ಎರಡೂ ಹೆಚ್ಚುಕಡಿಮೆ ಸಮ ಇಲ್ಲದಿದ್ದರೆ ಸರಪಳಿ ಉದ್ದ ಬೆಳೆಯುವುದಿಲ್ಲ, ಅಲ್ವಾ? ಹಬೆಯಾಗಿ ಹೊರಬಂದ ನೀರನ್ನು ಸುಮ್ನೆ ಪಿಎಚ್ ಪೇಪರ್‌ನಲ್ಲಿ ನೋಡಿದೆ, ಚೆನ್ನಾಗಿಯೇ ಕ್ಷಾರೀಯವಾಗಿತ್ತು, ಅಂದರೆ ಡೈಅಮೈನ್ ಅದರಲ್ಲಿ ಸೇರಿತ್ತು. ಹೆಕ್ಸಾಮೆಥಿಲೀನ್ ಡೈಅಮೈನ್ ಸುಮಾರು 205 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಹಾಗಾಗಿ ಹಬೆಯ ಜೊತೆ ಹಾರಿಹೋಗುತ್ತಿತ್ತು. ಇಷ್ಟು ಸುಲಭದ ಪರೀಕ್ಷೆ ಇಷ್ಟೊಂದು ಹೇಳುತ್ತದೆ ಎಂದು ಗೊತ್ತಿರಲಿಲ್ಲ.

ಈಗ ಸಣ್ಣ ಸರಪಳಿಗಳು ಕೂಡುವ ತನಕ ಒತ್ತಡ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಬಿಡುತ್ತೇನೆ. ಶುರುವಿನಲ್ಲೇ ಡೈಅಮೈನ್ ತುಸು ಹೆಚ್ಚು ಹಾಕುತ್ತೇನೆ. ಎಷ್ಟು ಎಂಬುದು ನಿಮ್ಮ ಪಾತ್ರೆಯ ನಷ್ಟದ ಮೇಲಿದೆ, ಟೈಟ್ರೇಶನ್ ನೋಡಿಯೇ ನಿರ್ಧರಿಸಿ.

ಇನ್ನೊಂದು, ಮೋಲ್ಡಿಂಗ್‌ಗೆ ಮೊದಲು ರೆಸಿನ್ ಕಾಳುಗಳನ್ನು ಚೆನ್ನಾಗಿ ಒಣಗಿಸಿ. 610 ನೀರು ಹೀರುವುದು ನೈಲಾನ್ 66ಕ್ಕಿಂತ ಕಡಿಮೆ, ಆದರೂ ಕರಗಿದಾಗ ತೇವವಿದ್ದರೆ ಸರಪಳಿ ಮತ್ತೆ ತುಂಡಾಗುತ್ತದೆ.