ವರ್ಣಭೇದದ ಕಾಲದಲ್ಲಿ ಅಮೆರಿಕದಲ್ಲಿ ಎಲ್ಲರಿಗೂ ಊಟ ಹಾಕಿದ ಹೋಟೆಲ್ ಇತ್ತಾ?

ಹೊಸನಗರದ ಹೋಟೆಲ್ ಹುಡುಗ:
ನಮ್ಮದು ಅಜ್ಜನ ಕಾಲದ ಸಣ್ಣ ಹೋಟೆಲ್, ಅದಕ್ಕೇ ಈ ಕುತೂಹಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು, ಕಪ್ಪು ಜನ ಒಟ್ಟಿಗೆ ಕೂತು ಉಣ್ಣುವ ಹಾಗೇ ಇರಲಿಲ್ಲವಂತೆ. ಅಂಥದ್ದರಲ್ಲೂ ಮನೆಮಂದಿಯೇ ನಡೆಸುವ ಯಾವುದಾದರೂ ಹೋಟೆಲ್ ಎಲ್ಲರನ್ನೂ ಕೂರಿಸಿತ್ತಾ? ಪೊಲೀಸರು ಸುಮ್ನೆ ಬಿಟ್ಟರಾ?

ಸಾಗರದ ಸೊಸೆ:
ನ್ಯೂ ಓರ್ಲಿಯನ್ಸ್‌ನ ಡೂಕಿ ಚೇಸ್ ಬಗ್ಗೆ ಓದಿ. 1941ರಲ್ಲಿ ಒಂದು ಕಪ್ಪು ಕುಟುಂಬ ಶುರು ಮಾಡಿದ್ದು. 1946ರಲ್ಲಿ ಆ ಮನೆಯ ಮಗನನ್ನು ಮದುವೆಯಾಗಿ ಬಂದ ಲೀಯಾ ಚೇಸ್ ಆಮೇಲೆ ಅಡುಗೆಮನೆ ಹಿಡಿದರು, ಸೊಸೆಯಿಂದಲೇ ಹೋಟೆಲಿಗೆ ಹೆಸರು ಬಂತು (ನನಗೆ ಖುಷಿಯಾಗದೇ ಇರುತ್ತಾ!). ಮಹಡಿ ಮೇಲಿನ ಕೋಣೆಯಲ್ಲಿ ಕಪ್ಪು, ಬಿಳಿ ಹೋರಾಟಗಾರರು ಒಟ್ಟಿಗೆ ಕೂತು ಉಣ್ಣುತ್ತಾ ಸಭೆ ಮಾಡುತ್ತಿದ್ದರು, 1961ರ ಫ್ರೀಡಂ ರೈಡರ್ಸ್ (ಬಸ್ಸಿನ ವರ್ಣಭೇದ ಮುರಿಯಲು ಒಟ್ಟಿಗೆ ಪ್ರಯಾಣ ಮಾಡಿದ ಕಪ್ಪು, ಬಿಳಿ ಹೋರಾಟಗಾರರು) ಕೂಡ ಅಲ್ಲಿ ಉಂಡವರೇ. ಪೊಲೀಸರಿಗೆ ಗೊತ್ತಿರಲಿಲ್ಲ ಅಂತಲ್ಲ, ಊರಿನ ಕಪ್ಪು ಜನರಿಗೆ ಆ ಹೋಟೆಲ್ ಎಷ್ಟು ಬೇಕಾಗಿತ್ತು ಅಂದರೆ ಬಾಗಿಲು ಹಾಕಿಸಿದರೆ ಊರೇ ಎದ್ದು ನಿಲ್ಲುತ್ತಿತ್ತು. ಹಾಗಂತ ಆರಾಮಾಗಿ ಇರಲಿಲ್ಲ, 1965ರಲ್ಲಿ ಪೈಪ್ ಬಾಂಬ್ ಎಸೆದರು.

ತೀರ್ಥಹಳ್ಳಿ ವಕೀಲ:
ಒಂದು ಮಾತು ಸೇರಿಸುತ್ತೇನೆ. ಹೀಗೆ ಎಲ್ಲರನ್ನೂ ಕರೆದವರಲ್ಲಿ ಕಪ್ಪು ಜನರ ಹೋಟೆಲ್‌ಗಳೇ ಎದ್ದು ಕಾಣುತ್ತವೆ, ಅಟ್ಲಾಂಟಾದ ಪಾಸ್ಕಲ್ ಅಣ್ಣತಮ್ಮಂದಿರದ್ದೂ ಹಾಗೇ. ಯಾರನ್ನು ಹೊರಗಿಟ್ಟಿದ್ದರೋ ಅವರೇ ಬಾಗಿಲು ತೆರೆದರು. ಬರ್ಮಿಂಗ್‌ಹ್ಯಾಮ್‌ನ ಆಲೀಸ್ ಬಾರ್ಬೆಕ್ಯೂ ನೋಡಿ, ಅದೂ ಕುಟುಂಬದ್ದೇ, ಆದರೆ ಬಿಳಿಯರದ್ದು. ಕೆಲಸಗಾರರಲ್ಲಿ ಹೆಚ್ಚಿನವರು ಕಪ್ಪು ಜನ, ಗಿರಾಕಿಯಾಗಿ ಬಂದರೆ ಮಾತ್ರ ಪಾರ್ಸೆಲ್! ಹೋಟೆಲ್‌ನಲ್ಲಿ ಭೇದ ಮಾಡಬಾರದು ಅನ್ನುವ 1964ರ ನಾಗರಿಕ ಹಕ್ಕು ಕಾಯ್ದೆ ಬಂದ ಮೇಲೆ ಅದು ತಮಗೆ ಅನ್ವಯಿಸದು ಅಂತ ಮಾಲೀಕರು ಕೋರ್ಟಿಗೆ ಹೋದರು. ಮಾಂಸ ಬೇರೆ ರಾಜ್ಯದಿಂದ ಬರುತ್ತದೆ, ಹಾಗಾಗಿ ಕೇಂದ್ರದ ಕಾನೂನು ನಿಮಗೂ ಅನ್ವಯ ಅಂತ ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು.

ಕೊಪ್ಪದವ:
ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೋಟೆಲ್ ಎಲ್ಲರಿಗೂ ಅಂತ ಹೇಳಿತ್ತು, ಅವರಿಗಿಂತ 14 ವರ್ಷ ಮೊದಲು. ಆದರೂ ಹೊರಗಿನ ಕಟ್ಟೆ, ಬೇರೆ ಲೋಟ, ಕುಡಿದವರೇ ತೊಳೆದಿಡುವುದು ಎಷ್ಟೋ ಊರಲ್ಲಿ ನಡೆದೇ ಇತ್ತು ಅಲ್ವಾ? ಅಮೆರಿಕದ ಕಥೆ ಓದಿ ತಲೆದೂಗುವ ನಮ್ಮವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ಹೊಸನಗರದ ಹೋಟೆಲ್ ಹುಡುಗ:
ಕೊಪ್ಪದವರೇ, ನಿಜ. ನಮ್ಮ ಹೋಟೆಲ್ ಹಿಂದೆ ಹೇಗಿತ್ತು ಅಂತ ಅಜ್ಜಿಯನ್ನೇ ಕೇಳಬೇಕು. ಅಂದಹಾಗೆ ಡೂಕಿ ಚೇಸ್‌ನಲ್ಲಿ ಏನು ಸ್ಪೆಷಲ್?

ಸಾಗರದ ಸೊಸೆ:
ಗಂಬೋ. ಸಿಗಡಿ, ಏಡಿ, ಸಾಸೇಜ್ ಎಲ್ಲ ಹಾಕಿದ ಗಟ್ಟಿ ಸಾರು, ಅನ್ನದ ಜೊತೆ ತಿನ್ನುತ್ತಾರೆ. ಲೀಯಾ 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು, ಹೋಟೆಲ್ ಮನೆಯವರೇ ನಡೆಸುತ್ತಿದ್ದಾರೆ.