ಯಾಜಕಕಾಂಡದ ಮಾತು ಇವತ್ತಿಗೂ ಅಕ್ಷರಶಃ ನಡೆಯಬೇಕಾ? ಈ ವಾರದ ಪ್ರಶ್ನೋತ್ತರ

ಟೀಚರ್: ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ 27 ವರ್ಷ ಹೀಬ್ರೂ ಮತ್ತು ಹಳೇ ಒಡಂಬಡಿಕೆ ಪಾಠ ಮಾಡಿದವಳು ನಾನು. ಈ ವಾರ ಬೈಬಲಿನ ಯಾಜಕಕಾಂಡ, ಧರ್ಮೋಪದೇಶಕಾಂಡಗಳಲ್ಲಿರುವ ಮೋಶೆಯ ಕಾನೂನುಗಳ ಬಗ್ಗೆ ಕೇಳಿ. ಯಾವ ವಚನ ಅಂತ ಬರೆಯಿರಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಮಲ್ಪೆ: ಟೀಚರ್, ನಮ್ಮದು ಮೀನಿನ ವ್ಯಾಪಾರ. ಈಜುರೆಕ್ಕೆ, ಪರೆ ಇಲ್ಲದ್ದನ್ನು ತಿನ್ನಬಾರದು ಅಂತ ಯಾಜಕಕಾಂಡ 11ರಲ್ಲಿದೆ. ಸಿಗಡಿ, ಏಡಿ ಮಾರಿದ ದುಡ್ಡು ಮನೆಗೆ ಆಗುವುದಿಲ್ಲ ಅಂತ ಪ್ರಾರ್ಥನಾ ಕೂಟದಲ್ಲಿ ಹೇಳಿದರು. ಹೆಂಡತಿ ಹೆದರಿದ್ದಾಳೆ.

ಟೀಚರ್: ಹೆದರಬೇಡಿ. ಆ ಅಧ್ಯಾಯದ ಪ್ರಕಾರ ಬಂಗುಡೆ, ಬೂತಾಯಿ ಸರಿ. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್, ತೊರಕೆ ಬೇಡ. ಇಸ್ರಾಯೇಲ್ಯರು ಬೇರೆಯಾಗಿ ಗುರುತಿಸಿಕೊಂಡು ಬದುಕಲು ಕೊಟ್ಟ ಕಟ್ಟಳೆ ಅದು. ನಿಷ್ಠಾವಂತ ಯೆಹೂದ್ಯರು ಇವತ್ತಿಗೂ ಪಾಲಿಸುತ್ತಾರೆ, ಅವರ ಮೇಲೆ ನನಗೆ ಗೌರವ ಇದೆ. ಕ್ರೈಸ್ತರಿಗೆ ಆ ಹೊರೆ ಇಲ್ಲ. ಎಲ್ಲ ಆಹಾರವೂ ಶುದ್ಧ ಅನ್ನುವ ಮಾರ್ಕ 7:19, ಅಪೊಸ್ತಲರ ಕೃತ್ಯಗಳು 10 ಹೆಂಡತಿಗೆ ಓದಿ ಹೇಳಿ.

ಕುಲಶೇಖರ: ಹಚ್ಚೆ ಹಾಕಿಸಿಕೊಳ್ಳಬಹುದಾ? ಯಾಜಕಕಾಂಡ 19:28 ಬೇಡ ಅನ್ನುತ್ತದೆ. ಮಗ ಹಠ ಹಿಡಿದಿದ್ದಾನೆ.

ಟೀಚರ್: ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬಾರದು ಅಂತಲೂ ಅದೇ ವಚನದಲ್ಲಿದೆ. ಅದರ ಹಿಂದಿನ ವಚನ ಗಡ್ಡದ ಅಂಚು ಕತ್ತರಿಸಬೇಡಿ ಅನ್ನುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸರಿಯಲ್ಲ. ಮಗನಿಗೆ 18 ಆಗಲಿ, ಆಮೇಲೆ ಅವನೇ ತೀರ್ಮಾನ ಮಾಡಲಿ.

ಶಿರ್ವ: ಟೀಚರ್, ಅಕ್ಕನಿಗೆ ಎಂಟು ತಿಂಗಳು. ಮಾಸು ಕೆಳಗೆ ಕೂತಿದೆ, ಆಪರೇಷನ್ ಬೇಕು, ರಕ್ತ ರೆಡಿ ಇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಭಾವ ಒಪ್ಪುವುದಿಲ್ಲ. ರಕ್ತದಲ್ಲಿ ಜೀವ ಇದೆ, ಬೇರೆಯವರ ರಕ್ತ ತೆಗೆದುಕೊಂಡರೆ ಜನರಿಂದ ತೆಗೆದುಹಾಕಲ್ಪಡುವೆ ಅಂತ ಯಾಜಕಕಾಂಡ 17 ತೋರಿಸುತ್ತಾರೆ. ಅಕ್ಕ ಅಳುತ್ತಾಳೆ, ಏನೂ ಮಾತಾಡುವುದಿಲ್ಲ. ಏನು ಮಾಡಲಿ?

ಕಾಪು: ದಶಮಾಂಶ, ಅಂದರೆ ದೇವರಿಗೆ ಹತ್ತರಲ್ಲಿ ಒಂದು ಪಾಲು, ಕೊಡುವುದು ಕೈಗೆ ಬರುವ ಸಂಬಳದ ಮೇಲಾ, ಪೂರ್ತಿ ಸಂಬಳದ ಮೇಲಾ?

ಟೀಚರ್: ಶಿರ್ವದ ತಂಗಿಗೆ. ಉಳಿದವರು ಸ್ವಲ್ಪ ಕಾಯಿರಿ.

ಮೊದಲು ಆಸ್ಪತ್ರೆಯ ಮಾತು. ನಾಳೆಯೇ ಅಕ್ಕನನ್ನು ಕರೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಅವಳು ಒಬ್ಬಳೇ ಮಾತಾಡಲಿ. ಅವಳು ದೊಡ್ಡವಳು, ಬುದ್ಧಿ ಸ್ವಾಧೀನದಲ್ಲಿದೆ. ಅವಳ ಮೈಗೆ ಅವಳ ಒಪ್ಪಿಗೆಯೇ ಮುಖ್ಯ, ಗಂಡನದಲ್ಲ. ಈಗಲೇ ಬರೆದು ಸಹಿ ಹಾಕಿಸಿ. ಮಾಸು ಕೆಳಗಿದ್ದರೆ ರಕ್ತ ಹೋಗಲು ಶುರುವಾದ ಮೇಲೆ ಚರ್ಚೆಗೆ ಹೊತ್ತು ಇರುವುದಿಲ್ಲ. ಒಂದು ವೇಳೆ ಅಕ್ಕನಿಗೇ ಮನಸಾರೆ ರಕ್ತ ಬೇಡ ಅನಿಸಿದ್ದರೆ ಅದೂ ಡಾಕ್ಟರಿಗೆ ಮೊದಲೇ ಗೊತ್ತಾಗಬೇಕು. ಆದರೆ ಅಳುತ್ತಾ ಸುಮ್ಮನಿರುವುದನ್ನು ಒಪ್ಪಿಗೆ ಅಂತ ಯಾರೂ ತಿಳಿಯಬಾರದು.

ಇನ್ನು ವಚನ. 17ನೇ ಅಧ್ಯಾಯದ 10ರಿಂದ 14ರವರೆಗೆ ಭಾವನ ಎದುರಿಗೇ ಓದಿ. ಮತ್ತೆ ಮತ್ತೆ ಬರುವ ಮಾತು ‘ತಿನ್ನುವುದು’. 13ರಲ್ಲಿ ಬೇಟೆಯಾಡಿದ ಪ್ರಾಣಿಯ ರಕ್ತ ಸುರಿದು ಮಣ್ಣು ಮುಚ್ಚಬೇಕು ಅಂತ ಇದೆ. ಪ್ರಾಣಿಯ ಜೀವ ತೆಗೆದವನು ಆ ಜೀವವನ್ನು ದೇವರಿಗೆ ಒಪ್ಪಿಸಬೇಕು, ತನ್ನ ಊಟಕ್ಕೆ ಇಟ್ಟುಕೊಳ್ಳಬಾರದು. ಅಲ್ಲಿನ ಹೀಬ್ರೂ ಮಾತು ನೆಫೆಶ್. ಉಸಿರು, ಪ್ರಾಣ ಅಂತ ಅರ್ಥ. ರಕ್ತದಾನದಲ್ಲಿ ಯಾರ ಪ್ರಾಣವನ್ನೂ ಯಾರೂ ತೆಗೆಯುವುದಿಲ್ಲ. ಕೊಟ್ಟವರು ಚಾ ಕುಡಿದು ಮನೆಗೆ ಹೋಗುತ್ತಾರೆ. ರಕ್ತಕ್ಕೆ ಗುಂಪುಗಳಿವೆ ಅಂತ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದ್ದೇ 1901ರಲ್ಲಿ. ಮೋಶೆಯ ಕಾನೂನು ರಕ್ತ ಪಡೆಯುವುದನ್ನು ನಿಷೇಧಿಸಿದೆ ಅನ್ನುವುದು ವಚನದಲ್ಲಿ ಇಲ್ಲದ್ದನ್ನು ಸೇರಿಸುವುದು.

ರಕ್ತವನ್ನು ವರ್ಜಿಸಿ ಅನ್ನುವ ಅಪೊಸ್ತಲರ ಕೃತ್ಯಗಳು 15:29ನ್ನೂ ಭಾವ ತೋರಿಸಬಹುದು. ಯೆಹೂದ್ಯರೂ ಅನ್ಯರೂ ಒಂದೇ ಸಭೆಗೆ ಸೇರಿದ ಕಾಲ ಅದು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕಿತ್ತು. ರಕ್ತದ ಮಾತು ಅಲ್ಲಿ ಬಂದದ್ದು ಊಟದ ಎಲೆಯ ಬಗ್ಗೆ.

ಅದೇ ಯಾಜಕಕಾಂಡದ ಮುಂದಿನ ಅಧ್ಯಾಯ, 18:5. ಇವುಗಳನ್ನು ಅನುಸರಿಸುವವನು ಇವುಗಳಿಂದ ಬದುಕುವನು. ಬದುಕುವನು ಅಂತ ಇದೆ, ಸಾಯಬೇಕು ಅಂತ ಇಲ್ಲ ಅಂತ ಯೆಹೂದಿ ಗುರುಗಳು ಇದನ್ನು ಎತ್ತಿ ಹಿಡಿದರು. ಜೀವ ಉಳಿಸಲು ವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನೂ ಮೀರಬಹುದು ಅಂದರು. ನಿಮ್ಮ ಮನೆಯಲ್ಲಿರುವುದು ಕಥೋಲಿಕ ಬೈಬಲ್ ಆಗಿದ್ದರೆ ಮಕ್ಕಬಿಯರ ಮೊದಲನೇ ಗ್ರಂಥದ 2ನೇ ಅಧ್ಯಾಯ ತೆಗೆಯಿರಿ. ಸಬ್ಬತ್ ದಿನ ಶತ್ರುಗಳ ಮೇಲೂ ಕೈ ಎತ್ತುವುದಿಲ್ಲ ಅಂತ ಕೂತವರು ಸುಮಾರು 1,000 ಮಂದಿ ಸತ್ತರು. ಸುದ್ದಿ ಕೇಳಿ ಯೆಹೂದ್ಯರ ನಾಯಕ ಮತ್ತಥೀಯ ಮತ್ತು ಅವನ ಜೊತೆಗಾರರು ಅತ್ತರು. ಇನ್ನು ಮೇಲೆ ಸಬ್ಬತ್ತಿನಲ್ಲೂ ನಮ್ಮನ್ನು ಕಾಪಾಡಿಕೊಳ್ಳುತ್ತೇವೆ ಅಂತ ತೀರ್ಮಾನಿಸಿದರು. ಕಾನೂನಿಗಾಗಿ ಪ್ರಾಣ ಕೊಡಲು ತಯಾರಿದ್ದವರೇ ಆ ತೀರ್ಮಾನ ಮಾಡಿದ್ದು.

ನಮ್ಮ ಊರಿನ ಉದಾಹರಣೆ ಹೇಳುತ್ತೇನೆ. ಧರ್ಮೋಪದೇಶಕಾಂಡ 22:8 ಹೊಸ ಮನೆಯ ಮಾಳಿಗೆಗೆ ಸುತ್ತ ಗೋಡೆ ಕಟ್ಟಿಸು ಅನ್ನುತ್ತದೆ, ಯಾರೂ ಬಿದ್ದು ಸಾಯದಿರಲಿ ಅಂತ. ಅಲ್ಲಿನ ಮಾಳಿಗೆ ಚಪ್ಪಟೆ, ಜನ ಅಲ್ಲಿ ಮಲಗುತ್ತಿದ್ದರು. ನಮ್ಮದು ಹಂಚಿನ ಮಾಡು. ಇಳಿಜಾರು ಹಂಚಿನ ಸುತ್ತ ಗೋಡೆ ಕಟ್ಟಿದರೆ ಮಳೆಗಾಲದಲ್ಲಿ ನೀರು ನಿಂತು ಮಾಡೇ ಕುಸಿಯುತ್ತದೆ. ಆ ವಚನವನ್ನು ನಿಜವಾಗಿ ಪಾಲಿಸುವವರು ಅಂಗಳದ ಬಾವಿಗೆ ಕಟ್ಟೆ ಕಟ್ಟುತ್ತಾರೆ. ಭಾವನಿಗೆ ಇಷ್ಟು ಹೇಳಿ. ಕೇಳದಿದ್ದರೆ ನನಗೆ ಬರೆಯಿರಿ.

ಕಿನ್ನಿಗೋಳಿ: ಇದಕ್ಕೆ ಸುಲಭ ಪರಿಹಾರ ಇದೆ. ಬೈಬಲ್ ಆಹಾರ ಪದ್ಧತಿ: ಖರ್ಜೂರ, ಅಂಜೂರ, ಬೀಟ್‌ರೂಟ್ ರಸ ಏಳು ದಿನ ಬರಿ ಹೊಟ್ಟೆಗೆ. ಹಿಮೋಗ್ಲೋಬಿನ್ 5 ಏರುತ್ತದೆ, ರಕ್ತ ಬೇಕಾಗುವುದೇ ಇಲ್ಲ. ಎಲ್ಲರಿಗೂ ಕಳಿಸಿ.

ಟೀಚರ್: ದಯವಿಟ್ಟು ಇದನ್ನು ಅಳಿಸಿ. ಖರ್ಜೂರ ಒಳ್ಳೆಯ ಹಣ್ಣು, ತಿನ್ನಿ. ಆದರೆ ಹಿಮೋಗ್ಲೋಬಿನ್ ಒಂದು ವಾರದಲ್ಲಿ ಹಾಗೆ ಏರುವುದಿಲ್ಲ. ಕಬ್ಬಿಣದ ಔಷಧಿಗೇ ವಾರಗಟ್ಟಲೆ ಬೇಕು. ಹೆರಿಗೆಯಲ್ಲಿ ಸುರಿಯುವ ರಕ್ತಕ್ಕೆ ಹಣ್ಣಿನ ರಸ ಬದಲಿ ಅಲ್ಲ. ಇಂಥ ಪದ್ಧತಿ ಬೈಬಲಿನ ಯಾವ ಪುಟದಲ್ಲೂ ಇಲ್ಲ.

ಕಿನ್ನಿಗೋಳಿ: ನಂಬಿಕೆ ಇದ್ದವರಿಗೆ ಹೇಳಿದೆ. ಸಿಟ್ಟು ಯಾಕೆ?

ಟೀಚರ್: ಎರಡು ಜೀವದ ಮಾತು ಆದ್ದರಿಂದ.

ಉಳ್ಳಾಲ: ಮುಟ್ಟಿನ ದಿನಗಳಲ್ಲಿ ದೇವಾಲಯದಲ್ಲಿ ವಾಚನ ಓದಬೇಡ ಅಂತ ಹಿರಿಯರೊಬ್ಬರು ಹೇಳಿದರು. ಯಾಜಕಕಾಂಡ 15 ಅಂತೆ. ಬೇಜಾರಾಗಿದೆ.

ಟೀಚರ್: ಅದೇ ಅಧ್ಯಾಯದ 16ರಲ್ಲಿ ಗಂಡಸರಿಗೂ ಅಶುದ್ಧತೆ ಹೇಳಿದೆ. ಗಂಡಸರನ್ನು ಯಾರೂ ಕೇಳುವುದಿಲ್ಲ. ಮಾರ್ಕ 5ರಲ್ಲಿ 12 ವರ್ಷ ರಕ್ತ ಹೋಗುತ್ತಿದ್ದ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿದಳು. ಅವನು ಬೈಯಲಿಲ್ಲ, ಮಗಳೇ ಅಂತ ಕರೆದ. ನೀವು ಓದಿ.

ಕಲ್ಯಾಣಪುರ: ಹಾಗಾದರೆ ಹಂದಿಯೂ ಸರಿ ಅಲ್ವಾ? ನಮ್ಮಲ್ಲಿ ಮದುವೆಗೆ ಹಂದಿ ಬಫಾತ್ ಇಲ್ಲದೆ ಊಟವೇ ಇಲ್ಲ.

ಕಾಪು: ಅಸಹ್ಯವಾದದ್ದು ಅಂತ ದೇವರು ಹೇಳಿದ್ದನ್ನು ಮದುವೆಗೆ ಬಡಿಸುತ್ತೀರಾ? ಅಭಿಪ್ರಾಯ ಬದಲಾಯಿಸಲು ದೇವರೇನು ಮನುಷ್ಯನಾ?

ಕಲ್ಯಾಣಪುರ: ನೀವು ಹಾಕಿರುವ ಅಂಗಿ ಹತ್ತಿ, ಪಾಲಿಯೆಸ್ಟರ್ ಎರಡೂ ಸೇರಿದ್ದು. ಯಾಜಕಕಾಂಡ 19:19 ಓದಿ, ಆಮೇಲೆ ನಮ್ಮ ಎಲೆ ನೋಡಿ.

ಟೀಚರ್: ಧರ್ಮೋಪದೇಶಕಾಂಡ 22:11 ಪ್ರಕಾರ ಉಣ್ಣೆ ಮತ್ತು ಅಗಸೆ ನಾರು ಸೇರಿದ ಬಟ್ಟೆ ಮಾತ್ರ ನಿಷೇಧ. ಪಾಲಿಯೆಸ್ಟರ್ ಬರುವುದಿಲ್ಲ.

ಕಾಪು: ನೋಡಿದಿರಾ! ಟೀಚರೇ ಹೇಳಿದರು.

ಕಲ್ಯಾಣಪುರ: ಬಟ್ಟೆ ಬಗ್ಗೆ ಹೇಳಿದ್ದು, ಹಂದಿ ಬಗ್ಗೆ ಅಲ್ಲ. ನಿಮ್ಮ ಕೂಟದವರು ಮೊನ್ನೆ ಮಾತೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ನ ತೆನೆಯನ್ನೂ ವಿಗ್ರಹಾರಾಧನೆ ಅಂದರು. ಪ್ರಥಮ ಫಲದ ಸಿವುಡು ಯಾಜಕಕಾಂಡ 23ರಲ್ಲೇ ಇದೆ.

ಕಾಪು: ಅಲ್ಲಿ ಮಾತೆಗೆ ಹೂ ಹಾಕು ಅಂತ ಇದೆಯಾ?

ಕಲ್ಯಾಣಪುರ: ಮಕ್ಕಳು ಹೂ ಹಾಕುವುದರಲ್ಲಿ ನಿಮಗೇನು ನೋವು?

ಮಲ್ಪೆ: ದಯವಿಟ್ಟು ಇಬ್ಬರೂ ನಿಲ್ಲಿಸಿ. ನಮ್ಮ ಪ್ರಶ್ನೆ ಮೀನಿನದ್ದು.

ಬಜಪೆ: ಟೀಚರ್, ಹಚ್ಚೆ ಹಾಕಿಸುವುದು ಪಾಪವಾ?

ಟೀಚರ್: ಮೇಲೆ ನೋಡಿ.

ಬಜಪೆ: ಮೆಹೆಂದಿ ಆದರೆ?

ಟೀಚರ್: ಮೇಲೆ ನೋಡಿ. ಮೆಹೆಂದಿ ಹಚ್ಚೆ ಅಲ್ಲ.

ಬಂಟ್ವಾಳ: ಗೋಡೆಗೆ ಬೂಷ್ಟು ಹಿಡಿದರೆ ಶಾಪ ಅಂತ ಯಾಜಕಕಾಂಡ 14ರಲ್ಲಿ ಇದೆಯಂತೆ. ನಮ್ಮ ಮನೆ ತುಂಬ ಹಸಿರು ಬೂಷ್ಟು. ಒಬ್ಬರು ಎಣ್ಣೆ ಅಭಿಷೇಕಕ್ಕೆ 5,000 ಕೇಳುತ್ತಿದ್ದಾರೆ.

ಟೀಚರ್: ಕೊಡಬೇಡಿ. ಆ ಅಧ್ಯಾಯದಲ್ಲಿ ಯಾಜಕ ಮೊದಲು ಸಾಮಾನು ಹೊರಗೆ ಹಾಕಿಸುತ್ತಾನೆ. ಏಳು ದಿನ ಮನೆ ಮುಚ್ಚಿಸುತ್ತಾನೆ. ಆಮೇಲೆ ಕಲ್ಲು ತೆಗೆಸಿ, ಕೆರೆಸಿ, ಹೊಸ ಗಾರೆ ಹಾಕಿಸುತ್ತಾನೆ. ನಿಮಗೆ ಬೇಕಾದ್ದು ಗಾರೆ ಕೆಲಸದವರು. ಮಾಡು ಎಲ್ಲಿ ಸೋರುತ್ತದೆ ಅಂತ ಮೊದಲು ನೋಡಿ.

ಕಾಪು: ದಶಮಾಂಶದ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕಲ್ಯಾಣಪುರ: ಮೂರನೇ ವರ್ಷದ್ದು ಪರದೇಶಿಗೆ, ಅನಾಥರಿಗೆ, ವಿಧವೆಗೆ ಸೇರಬೇಕು. ಧರ್ಮೋಪದೇಶಕಾಂಡ 14:29. ನಿಮ್ಮ ಕೂಟ ಅದನ್ನು ಕೊಡುತ್ತದಾ?

ಕಾಪು: ನಿಮ್ಮನ್ನು ಕೇಳಿಲ್ಲ.

ಟೀಚರ್: ಇಬ್ಬರಿಗೂ ಹೇಳುತ್ತೇನೆ, ಸಾಕು. ಒಬ್ಬ ಬಸುರಿಯ ಪ್ರಶ್ನೆ ನಿಮ್ಮ ಜಗಳದ ಅಡಿಗೆ ಹೋಗಿ ಬಿದ್ದಿದೆ. ಶಿರ್ವದ ತಂಗಿ, ಇದ್ದೀರಾ?

ಶಿರ್ವ: ಇದ್ದೇನೆ ಟೀಚರ್. ಇವತ್ತು ಹೋಗಿದ್ದೆವು. ಡಾಕ್ಟರಮ್ಮ ನನ್ನನ್ನೂ ಹೊರಗೆ ಕಳಿಸಿದರು. ಅರ್ಧ ಗಂಟೆ ಅಕ್ಕ ಒಬ್ಬಳೇ ಮಾತಾಡಿದಳು. ರಕ್ತ ಬೇಕು ಅಂತ ಅವಳೇ ಹೇಳಿ ಸಹಿ ಹಾಕಿದಳು. ಹಿಮೋಗ್ಲೋಬಿನ್ 8.4 ಇದೆ, ಕಬ್ಬಿಣದ ಇಂಜೆಕ್ಷನ್ ಶುರು ಮಾಡಿದ್ದಾರೆ. ಭಾವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. 17ನೇ ಅಧ್ಯಾಯ ಮಾತ್ರ ಮನೆಗೆ ಬಂದು ಎರಡು ಸಲ ಓದಿದರು. ಏನೂ ಹೇಳಲಿಲ್ಲ.

ಟೀಚರ್: ಅಕ್ಕನಿಗೆ ನನ್ನ ಪ್ರೀತಿ ತಿಳಿಸಿ. ಸ್ವಲ್ಪ ರಕ್ತ ಕಂಡರೂ ಕಾಯಬೇಡಿ, ರಾತ್ರಿಯಾದರೂ ಹೊರಡಿ. ವಾಹನ ಯಾರದ್ದು ಅಂತ ಈಗಲೇ ಮಾತಾಡಿಡಿ. ಭಾವನಿಗೆ ಒಪ್ಪಿಗೆ ಇದ್ದರೆ ಭಾನುವಾರ ಮಧ್ಯಾಹ್ನ ನಾನು ಶಿರ್ವಕ್ಕೆ ಬರುತ್ತೇನೆ. ಜಗಳಕ್ಕೆ ಅಲ್ಲ, ಆ ಅಧ್ಯಾಯ ಜೊತೆಗೆ ಕೂತು ಓದಲು.

ಶಿರ್ವ: ಕೇಳಿದೆ. ಊಟಕ್ಕೆ ಬನ್ನಿ ಅಂದರು.